ರವಾ ಆಗೋ ಹೊತ್ತು

ಟೆಂಡರಿನ ದಿನ ಅಲ್ಲ. ಬ್ಯಾಡಗಿ ಪ್ಯಾಟ್ಯಾಗ
ಕಾಟಾ ಒರಸ್ಕೋತ ಕೂತಿದ್ದೆ.
ಮೋಟೆಬೆನ್ನೂರಿನ ಗುಡ್ಡಪ್ಪ ಬಂದ,
ಹೆಗಲ ಮ್ಯಾಲ ಗೋಣಿತಟ್ಟು ಸುತ್ತಿದ ಎರಡು ಕಟ್ಟು.
ಕುಂಟಿ ಸಾಮಾನು ಇರಬೇಕು ಅಂದ್ಕೊಂಡೆ. ಬಿಚ್ಚಿದರ
ಮೂತಿ ಮ್ಯಾಲೆತ್ತಿದ ನಾಕು ಹಲಗಿ.
ಸ್ಕೀ, ಅಂದ. ತೂಗು.

ನಮ್ಮ ಕಾಟಾ ಗ್ರಾಂ ಕಂಡದ್ದಲ್ಲ.
ಸ್ಯಾಂಪಲ್ ತೂಗೋ ಸಣ್ಣದು ತಂದೆ.
ಮೊದಲನೇ ಜೋಡಿ, ಅವನ ಗದ್ದಕ್ಕ ಬರೂವಂಥಾದ್ದು,
ಎರಡು ಕಿಲೋ ನೂರಾ ಅರವತ್ತು.
ಇನ್ನೊಂದು ನೆತ್ತಿ ದಾಟತಿತ್ತು:
ಮೂರು ಕಿಲೋ ಎಂಬತ್ತು.

ಇಪ್ಪತ್ತೆರಡು ವರ್ಷ ಪಲ್ಟನ್ನಿನ್ಯಾಗ ಇದ್ದವ.
ಏಪ್ರಿಲ್‌ನ್ಯಾಗ ಹಳೇ ಜೊತೆಗಾರರ ಕೂಡ
ಒಂದು ಕಡಿದಾದ ನಾಲಾ ಇಳಿಯೂದೈತಂತ,
ಆವತ್ತು ಆರ್ಡರ್ ಇಲ್ಲಂತ ಬಿಟ್ಟು ಬಂದದ್ದು.

ಹಗುರದ್ದ ತಗೊ, ಅಂದೆ. ನಾ ಬ್ಯಾಡಗಿಯವ.
ನಮ್ಮಲ್ಲಿ ಹಗುರಿದ್ದಷ್ಟೂ ಮಾಲು ಚಲೋ,
ಮೈಯೆಲ್ಲಾ ಸುಕ್ಕು, ಒಳಗ ಗಾಳಿ, ಬಣ್ಣ ಮಾತ್ರ ತುಂಬ.
ತೂಕ ಬಂತಂದರ
ಯಾವನೋ ರಾತ್ರಿ ನೀರು ಹೊಡದಾನ ಅಂತ ಅರ್ಥ.

ಗುಡ್ಡಪ್ಪ ನಕ್ಕ. ಹಿಮಕ್ಕೂ ಹೊಡೀತಾನ, ಮಾಬೂಸಾಬ.
ನಸುಕಿನ್ಯಾಗ ಅದು ಕಡಪಾ ಕಲ್ಲು.
ಒಂಬತ್ತಕ್ಕ ಬಿಸಲು ಬಿದ್ದು
ಮ್ಯಾಲಿನ ಎರಡು ಬೆರಳು ರವಾ ಆಗತೈತಿ,
ಸಣ್ಣ ರವಾ ಅಲ್ಲ, ಉಪ್ಪಿಟ್ಟಿಂದು.
ಅದರ ಮ್ಯಾಲ ಇಳಿಯೂದಂದ್ರ...
ಕೈ ಬೀಸಿದ, ಮಾತು ಮುಗಸಲಿಲ್ಲ.
ಹನ್ನೊಂದಕ್ಕ ಅಂಬಲಿ. ಆಮ್ಯಾಲ ಗುಡ್ಡಾನ ಜಾರತೈತಿ.

ಭಾರದ್ದು ಹೊತ್ತು ತಡಾ ಆದರ ರವಾ ತಪ್ಪಿತು.
ಹಗುರದ್ದು ಹಾಕ್ಕೊಂಡು ಲಗೂನ ಹತ್ತಿದ್ನೋ,
ಕಲ್ಲಿನ್ನೂ ಕಲ್ಲ ಇರತೈತಿ,
ಕಲ್ಲಿನ ಮ್ಯಾಲ ಇದು ಗಿಲಕಿಯಂಗ ಬಡಕೊಳ್ಳತೈತಿ.
ಅಂಚು ಕಚ್ಚಂಗಿಲ್ಲ.

ಮೂಲ್ಯಾಗ ತೊಟ್ಟು ಮುರೀತಿದ್ದ ಫಕ್ಕೀರವ್ವ
ಮುಖದ ಬಟ್ಟಿ ಸರಿಸಿದಳು.
ಹತ್ತೂದು ಎಷ್ಟೊತ್ತು?
ಐದು ತಾಸು.
ಇಳಿಯೂದು?
ಎಂಟು ನಿಮಿಷ.
ಮತ್ತ ಕೇಳೂದೇನೈತೋ ತಮ್ಮಾ? ಐದು ತಾಸಿಗೆ ಹೊಂದೂದು ತಗೊ.
ಸಾಯೂದು ಎಂಟು ನಿಮಿಷದಾಗ, ಅಕ್ಕಾ.

ಹೊರಗೊಂದು ಟೆಂಪೋ ಹಿಂದಕ್ಕ ಬರಾಕತ್ತಿತ್ತು,
ಪೀಂ ಪೀಂ ಅನಕೋತ. ಘಾಟಿಗೆ ನಾ ಸೀನಿದೆ.

ಆಕಿ ಎದ್ದು ಬಂದು ತನ್ನ ಮರ ಅವನ ಕೈಯಾಗಿಟ್ಟಳು.
ತೂಕ ಎಲ್ಲೈತಿ ಹುಡುಕು.
ನಡುವ ಏನೂ ಇಲ್ಲ. ಎಲ್ಲಾ ಅಂಚಿನ್ಯಾಗ.
ಸಂಜೀತನಕ ಕೇರಿದರೂ ಮುಂಗೈ ಸೋಲಂಗಿಲ್ಲ,
ಹೇಳಿದ ಮಾತು ಕೇಳತೈತಿ.
ವರ್ಷಕ್ಕೊಮ್ಮಿ ಅಂಚು ಬಿಗಿ ಕಟ್ಟಸ್ತೀನಿ, ಅಷ್ಟ.

ಗುಡ್ಡಪ್ಪ ಹಗುರದ ಹಲಗಿ ಹೊಳ್ಳಿಸಿದ.
ಅಂಚಿಗಿದ್ದ ಉಕ್ಕಿನ ಪಟ್ಟಿ ಮ್ಯಾಲ ಹೆಬ್ಬೆರಳಿನ ಉಗುರು ಎಳೆದ.
ಉಗುರು ಸವೀಲಿಲ್ಲ.
ಮೊಂಡ ಆಗೈತಿ, ಅಂದ, ತನಗ ತಾನ.
ಮಸಿಸಿದರ ಕಚ್ಚೀತು.

ಆಮ್ಯಾಲ ಏನನ್ನಿಸಿತೋ, ಚಪ್ಪಲಿ ಬಿಟ್ಟು
ಚೀಲ ತೂಗೋ ದೊಡ್ಡ ಕಾಟಾ ಹತ್ತಿ ನಿಂತ.
ಎಪ್ಪತ್ತೊಂಬತ್ತು.
ಪಲ್ಟನ್ನಿನ್ಯಾಗ ಅರವತ್ತೊಂದಿದ್ದೆ, ಅಂದ.
ಒಂಬೈನೂರಾ ಇಪ್ಪತ್ತು ಗ್ರಾಮಿಗೆ ಮುಂಜಾನಿಂದ ವಾದಾ ಹಾಕೇವಿ ನೋಡು.
ಅವನಷ್ಟ ನಕ್ಕ.

ರೂಢಿ ಬಿಡಬಾರದಂತ ಚೀಟಿ ಹರಿದುಕೊಟ್ಟೆ:
ಮಾಲು, ಹಲಗಿ, ಜೋಡಿ ಒಂದು.
ತೇವ, ಇಲ್ಲ.
ದರದ ಮನಿ ಖಾಲಿ ಬಿಟ್ಟೆ.
ಚೀಟಿ ಕಿಸೇದಾಗಿಟ್ಟು, ಕಮ್ಮಾರ ಸಾಲಿನ ಕಡೆ ನಡೆದ.

ಭಾರದ್ದು ಇಲ್ಲೇ ಗ್ವಾಡಿಗೆ ಆನಕೊಂಡು ನಿಂತೈತಿ.
ಫಕ್ಕೀರವ್ವ ಅದರ ಮೂತಿಗೆ ಬುತ್ತಿಗಂಟು ತೂಗಹಾಕತಾಳ,
ಇರುವಿ ಹತ್ತಬಾರದಂತ.

ಏಪ್ರಿಲ್‌ನ್ಯಾಗ ಒಂದಿನ, ಕಾಟಾ ಒರೆಸೂವಾಗ,
ಸುಮ್ಮನ ಗಡಿಯಾರದ ಕಡೆ ನೋಡಿದೆ. ಒಂಬತ್ತು.
ಈಗ ರವಾ ಆಗಿರತೈತಿ, ಅಂದಳಾಕಿ,
ತಲಿ ಎತ್ತದ, ಒಂದೊಂದ ತೊಟ್ಟು ಮುರಕೋತ.
ನಾ ಏನೂ ಕೇಳಿರಲಿಲ್ಲ.