ಅಡಿಟಿಪ್ಪಣಿ ಏಳು

ವರ್ಲೀನಳ ಕನ್ನಡಕದ ಒಂದು ಕಡ್ಡಿ ಮುರಿದಿದೆ,
ಹಾಗಾಗಿ ತೀರ್ಪು ಓದುವ ಕೆಲಸ ನನ್ನ ಪಾಲಿಗೆ ಬಂತು.
ಮೂವತ್ತೊಂದು ಪುಟ. ಅಡುಗೆಮನೆಯ ಮೇಜು.
ಕಿಟಕಿಗೆ ಸಿಕ್ಕಿಸಿದ ಫ್ಯಾನು ಹಾಳೆಗಳನ್ನು ಎಬ್ಬಿಸದಂತೆ
ಮೇಲೊಂದು ಉಪ್ಪಿನ ಡಬ್ಬಿ.
ಹೊರಗೆ ಮಿಸಿಸಿಪ್ಪಿಯ ಡೆಲ್ಟಾ, ಆಗಸ್ಟಿನ ಧಗೆ,
ಸಾಲು ಕೊಳಗಳ ತುಂಬ
ನಾಳೆ ನಮ್ಮ ಕತ್ತಿಗೆ ಬರಲಿರುವ ಮೀಸೆಮೀನು.

ಮೀಸೆ ಮೀನಿಗೆ ಮಾತ್ರ. ಕೋಕರನದು ನುಣ್ಣಗೆ ಬೋಳಿಸಿದ ಮುಖ,
ಭಾನುವಾರ ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿಯುವ ಕೈ.
ಆ ಕೈಯ ವಿಷಯವೇ ಪುಟ ನಾಲ್ಕರಿಂದ ಹನ್ನೆರಡರವರೆಗೆ.

"ಫಿರ್ಯಾದಿ" ಎಂದು ಓದಿದೆ. "ಅದು ಯಾರು?" ಅಂದಳು.
"ನೀನೇ."
"ನನ್ನ ಹೆಸರಿಗೇನಾಗಿತ್ತು?"

ಎಂಟು ತಿಂಗಳಲ್ಲಿ ಹನ್ನೊಂದು ಸಲ ಎಂದು ನ್ಯಾಯಾಧೀಶರ ಎಣಿಕೆ.
ನಿಮಿಷಕ್ಕೆ ಹದಿನೆಂಟು ಮೀನಿನ ಪಕ್ಕೆ ಬಿಡಿಸುವವಳು ಅವಳು,
ಲೆಕ್ಕ ಯಾರೂ ಕಲಿಸಬೇಕಿಲ್ಲ.
"ಹನ್ನೊಂದು, ಮುಟ್ಟಿದ್ದು. ಇವತ್ತು ಮುಟ್ಟಬಹುದು ಅಂತ
ಬೆನ್ನು ಬಿಗಿಹಿಡಿದು ನಿಂತ ದಿನಗಳು ಯಾವ ಕಾಲಂನಲ್ಲಿವೆ?"
ಹುಡುಕಿದೆ. ಕಾಲಂ ಇರಲಿಲ್ಲ.

ಪುಟ ಹತ್ತೊಂಬತ್ತು: ನಡತೆ ಒರಟು, ಅಸಭ್ಯ, ಖಂಡನೀಯ;
ಆದರೆ ಕಾನೂನು ಬೇಡುವಷ್ಟು ತೀವ್ರವಲ್ಲ, ಅಷ್ಟು ವ್ಯಾಪಕವೂ ಅಲ್ಲ.
"ಆದರೆ" ಎಂಬಲ್ಲಿ ನನ್ನ ದನಿ ತಾನೇ ಸಣ್ಣಗಾಯಿತು.
ನಮ್ಮ ಕಾರ್ಖಾನೆಯ ತಕ್ಕಡಿಯೂ
ಐದು ಔನ್ಸಿಗೆ ಕಡಿಮೆಯ ತುಂಡನ್ನು ಪಕ್ಕಕ್ಕೆ ತಳ್ಳುತ್ತದೆ.
ಅದೂ ಮೀನೇ. ಅದೇ ನೀರು, ಅದೇ ಕತ್ತಿ.

ಅವಳು ಬೆಂಡೆಕಾಯಿ ಹೆಚ್ಚುತ್ತಲೇ ಇದ್ದಳು.
"ಕೆಳಗಿನ ಸಣ್ಣಕ್ಷರವನ್ನೂ ಓದು."
"ಅದರಲ್ಲೇನಿಲ್ಲ."
"ಸಣ್ಣಕ್ಷರಕ್ಕೂ ದುಡ್ಡು ಕೊಟ್ಟಿದ್ದೇನೆ, ಒಡೆಸಾ."

ಅಡಿಟಿಪ್ಪಣಿ ಏಳು. ಫಿರ್ಯಾದಿಯ ಎಡಕ್ಕೆ, ಅದೇ ಸಾಲಿನಲ್ಲಿ,
ನಾಲ್ಕು ಅಡಿ ದೂರದಲ್ಲಿ ಕೆಲಸ ಮಾಡುತ್ತಿದ್ದ ಶ್ರೀಮತಿ ಗ್ರಿಗ್ಸ್
ತಾವು ಏನನ್ನೂ ಕಂಡ ನೆನಪಿಲ್ಲವೆಂದು ಪ್ರಮಾಣ ಮಾಡಿ ಹೇಳಿದ್ದಾರೆ.

ನಾಲ್ಕು ಅಡಿ. ಟೇಪು ಹಿಡಿದು ಅಳೆದಿದ್ದರು ವಕೀಲರು.
ಅವತ್ತು ನನಗೆ ನೆನಪಿದ್ದದ್ದು ಮಗನ ಇನ್ಸುಲಿನ್, ಟ್ರಕ್ಕಿನ ಕಂತು,
ಆಚೆ ಕೌಂಟಿಯವರೆಗೂ ಬೇರೆ ಕೆಲಸವಿಲ್ಲವೆಂಬುದು,
ಮತ್ತೆ, ಅವಳ ಕತ್ತಿ ನಿಂತ ಸದ್ದು.
ಮೂವತ್ತು ಕತ್ತಿಗಳ ನಡುವೆ ಒಂದು ನಿಂತರೂ ಕೇಳಿಸುತ್ತದೆ.
ಪ್ರತಿ ಸಲ ಕೇಳಿಸಿತ್ತು.
ನಾನು ಮೀನು ನೋಡುತ್ತಿದ್ದೆ.
ಕಂಪನಿಯ ಉಪ್ಪು ತಿಂದವಳು ಅಂದುಕೊಂಡೆ,
ಇವಳ ಉಪ್ಪನ್ನೂ ತಿಂದಿದ್ದೆ.

ಓದಿದೆ, ಪೂರ್ತಿ. ಶ್ರೀಮತಿ ಗ್ರಿಗ್ಸ್ ಎಂದೇ ಓದಿದೆ,
ಪಕ್ಕದೂರಿನ ಯಾರೋ ಹೆಂಗಸೆಂಬಂತೆ.
ಅವಳು ತಲೆ ಎತ್ತಲಿಲ್ಲ.
"ಗೊತ್ತಿತ್ತು. ಮುಂದಿನ ಪುಟ."

ಮುಂದಿನ ಪುಟದಲ್ಲಿ ಬೇರೆ ಮಾತು:
ದೂರು ಕೊಟ್ಟ ಒಂಬತ್ತನೇ ದಿನ ಅವಳನ್ನು
ಮಂಜುಗಡ್ಡೆ ಕೋಣೆಗೆ, ರಾತ್ರಿ ಪಾಳಿಗೆ ಹಾಕಿದ್ದು
ಸೇಡೋ ಅಲ್ಲವೋ, ಜ್ಯೂರಿ ತೀರ್ಮಾನಿಸಲಿ.
ಅದೊಂದು ಭಾಗ ಉಳಿಯಿತು. ಮಾರ್ಚಿನಲ್ಲಿ ವಿಚಾರಣೆ.
"ಮುಟ್ಟಿದ್ದು ಸಾಲದಂತೆ,
ಮುಟ್ಟಿದ ಅಂದಿದ್ದಕ್ಕೆ ಹಿಡಿದ ಚಳಿ ಸಾಕಾದೀತಂತೆ,"
ಅಂದಳು ವರ್ಲೀನ್. ನಗಲಿಲ್ಲ.

ಬಾಣಲೆಯಲ್ಲಿ ಬೆಂಡೆ ಚಿಟಪಟ ಅನ್ನುತ್ತಿತ್ತು.
ಅವಳ ಕನ್ನಡಕ ಎತ್ತಿಕೊಂಡು
ಮುರಿದ ಕಡ್ಡಿಗೆ ದಾರ ಸುತ್ತತೊಡಗಿದೆ.
"ಸಾಕ್ಷಿಗಳನ್ನು ಮತ್ತೆ ಕರೆಯುತ್ತಾರಾ?"
"ಕರೆಯುತ್ತಾರೆ."
"ಪಾಳಿಪಟ್ಟಿ ಬರೆಯುವಾಗ ಕೋಕರ್ ಏನಂದ ಅಂತ..."
ದಾರ ಗಂಟಾಯಿತು. ಬಿಡಿಸಲು ಉಗುರು ಸಾಲದು.

ಅವಳು ಕೈಚಾಚಿ ಉಪ್ಪಿನ ಡಬ್ಬಿ ಎತ್ತಿಕೊಂಡಳು.
ಹಾಳೆಗಳೆಲ್ಲ ಒಮ್ಮೆಲೇ ಮೇಲೆದ್ದವು.
ಅಂಗೈ ಅಗಲಿಸಿ ಅವುಗಳ ಮೇಲಿಟ್ಟೆ,
ಎತ್ತಲಿಲ್ಲ.