ಕೆನ್ನೆಯೊಳಗಿನ ನಾಣ್ಯ

ಫುಂಶಾಲ್ ಬಂದರಿನಲ್ಲಿ ಇವತ್ತು
ಸೂರ್ಯ ತಡವಾಗಿ ಹುಟ್ಟಿದ.
ತಪ್ಪು ಅವನದಲ್ಲ. ಹತ್ತೊಂಬತ್ತು ಅಂತಸ್ತಿನ ಹಡಗು
ರಾತ್ರೋರಾತ್ರಿ ಬಂದು ಅಡ್ಡ ನಿಂತಿದೆ.
ಗಂಟೆ ಹತ್ತಾದರೂ ನನ್ನ ಬಾಲ್ಕನಿಯ ಬಟ್ಟೆ ಒಣಗಿಲ್ಲ.

ಎಣಿಸಿದೆ. ಎಣಿಸುವುದು ಹಳೆಯ ಚಟ.
ನೀರಿನ ಜಾರುಬಂಡೆ ಮೂರು, ಹತ್ತಿಳಿಯುವ ಗೋಡೆ ಒಂದು,
ಒಳಗೆಲ್ಲೋ ಮಂಜುಗಡ್ಡೆಯ ಅಂಗಳವಂತೆ,
ಮರಗಳಿವೆಯಂತೆ, ಮರದಲ್ಲಿ ಹಕ್ಕಿಯಿಲ್ಲ,
ಹಕ್ಕಿಯ ದನಿ ಮಾತ್ರ ಇದೆಯಂತೆ.
ಸಮುದ್ರ ಎಲ್ಲಿಂದ ಕಾಣುತ್ತದೆ ಎಂದರೆ
ಮೊಮ್ಮಗಳು ಝುಲ್ಮಿರಾ ನಗುತ್ತಾಳೆ:
"ಅದಕ್ಕೆ ಬೇರೆ ದರ, ಅಜ್ಜ."

ಒಂಬತ್ತರ ವಯಸ್ಸಿಗೆ ನಾನು
ಇದೇ ನೀರಿನಲ್ಲಿ ಬರಿಮೈಯಲ್ಲಿ ದುಡಿದವನು.
ಬಿಳಿ ಹಡಗು ಲಂಗರು ಬಿಡುವ ಮೊದಲೇ
ನಮ್ಮ ದೋಣಿ ಅದರ ಪಕ್ಕೆಗೆ ಅಂಟಿರುತ್ತಿತ್ತು.
ಕಟಕಟೆಗೆ ಒರಗಿದವರ
ಕಣ್ಣಿನ ಬಣ್ಣ ಕಾಣುವಷ್ಟು ಹತ್ತಿರ.
ಅವರು ಎಸೆಯುವರು, ನಾವು ಹಾರುವೆವು.
ಬೆಳ್ಳಿಕಾಸು ನೀರಿನಲ್ಲಿ ನೆಟ್ಟಗೆ ಮುಳುಗುವುದಿಲ್ಲ,
ಉದುರಿದ ಎಲೆಯ ಹಾಗೆ
ಆ ಕಡೆ ಈ ಕಡೆ ತೂಗುತ್ತ ಇಳಿಯುತ್ತದೆ.
ಅದರ ಕೆಳಗೆ ಅಂಗೈ ಒಡ್ಡಬೇಕು, ಅಷ್ಟೇ ವಿದ್ಯೆ.
ಸಿಕ್ಕಿದ್ದು ಕೆನ್ನೆಯೊಳಗೆ.
ಮತ್ತೆ ಮೇಲೆ, ಮತ್ತೆ ಕೆಳಗೆ,
ಸಂಜೆಗೆ ಎರಡೂ ಕೆನ್ನೆ ಹಲ್ಲುನೋವಿನವನ ಹಾಗೆ ಊದಿ
ಅಮ್ಮನ ಮುಂದೆ ಉಗುಳುತ್ತಿದ್ದೆ ರೊಟ್ಟಿಯ ದುಡ್ಡು.

ಗೆಳೆಯ ಜನುವಾರಿಯು ಆ ಹಡಗುಗಳ ಮೇಲಿದ್ದವ,
ಡೆಕ್ಕಿನ ಕುರ್ಚಿಗಳಲ್ಲಿ ಕೂತವರ ಮೊಣಕಾಲಿಗೆ
ಕಂಬಳಿ ಹೊದಿಸುವುದೇ ಅವನ ನೌಕರಿ.
ಕಾಫಿಗೆ ಸಕ್ಕರೆ ಕದಡುತ್ತ ಹೇಳುತ್ತಾನೆ:
"ಆಗ ಅವರಿಗೆ ಮಾಡಲು ಏನೂ ಇರಲಿಲ್ಲ ನೋಡು.
ಮೊದಲ ದಿನ ಮಾತು, ಎರಡನೇ ದಿನ ಇಸ್ಪೀಟು,
ಮೂರನೇ ದಿನ ಬೇಸರ.
ಬೇಸರ ಬಂದ ಮೇಲೇ ಸಮುದ್ರ ಕಾಣುವುದು.
ಇವರಿಗೆ ಬೇಸರಪಡಲೂ ಪುರುಸೊತ್ತಿಲ್ಲ.
ಇದು ಪಯಣವಲ್ಲ, ತೇಲುವ ಸಂತೆ."

ಹೌದು ಹೌದು ಎನ್ನುತ್ತೇನೆ.
ಎನ್ನುವಾಗ ನಾಲಿಗೆಯ ತುದಿಗೆ ತಾಮ್ರದ ಕಹಿ.
ಬೀಡಾದ ತಗಡಿನಂಥ ಸಿಗರೇಟಿನ ಬೆಳ್ಳಿಹಾಳೆಯಲ್ಲಿ
ಪುಡಿಕಾಸು ಸುತ್ತಿ ಎಸೆದು
ನಮ್ಮ ಪೆಚ್ಚುಮೋರೆಗೆ ನಗುತ್ತಿದ್ದವರೂ
ಅದೇ ಕಟಕಟೆಗೆ ಒರಗಿದ್ದರು.
ತಮ್ಮ ಫೌಸ್ತೋ ಬಲು ಆಳಕ್ಕೆ ಹೋದ ಒಂದು ದಿನ.
ಕಾಸು ಸಿಕ್ಕಿತು. ಎಡಗಿವಿ ಹೋಯಿತು.
ಮೇಲಿನಿಂದ ಬಿದ್ದ ಚಪ್ಪಾಳೆ
ಅವನಿಗೆ ಅರ್ಧವೇ ಕೇಳಿಸಿತು.

ಝುಲ್ಮಿರಾಳ ಕೆಲಸ ಹದಿನಾರನೇ ಅಂತಸ್ತಿನಲ್ಲಿ:
ಯಂತ್ರ ಅಲೆಯೆಬ್ಬಿಸುವ ಕೊಳಕ್ಕೆ ಕಾವಲು.
ಎತ್ತರದ ಕುರ್ಚಿ, ಕೊರಳಲ್ಲಿ ಸೀಟಿ, ದಿನಕ್ಕೆ ಹತ್ತು ತಾಸು.
ಮಲಗುವುದು ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿಯಿಲ್ಲ.
ನಮ್ಮ ಮಾತಿಗೆ ಅವಳು ತಲೆದೂಗುವುದಿಲ್ಲ.
"ಗ್ಲಾಸ್ಗೋದ ಒಬ್ಬ ಮುದುಕಿ, ಬಸ್ಸಿನ ಕಂಡಕ್ಟರಾಗಿದ್ದವಳು,
ಗಾಲಿಕುರ್ಚಿ ಸಮೇತ ಕೊಳಕ್ಕಿಳಿದಳು.
ಹನ್ನೊಂದು ವರ್ಷದ ಮೇಲೆ ಮೈ ಹಗುರಾಯಿತು ಎಂದು ಅತ್ತಳು.
ನಿಮ್ಮ ಬಿಳಿ ಹಡಗು ಅವಳನ್ನು ಹತ್ತಿಸಿಕೊಳ್ಳುತ್ತಿತ್ತೇ?"
ಜನುವಾರಿಯು ಕದಡಿದ ಕಾಫಿಯನ್ನೇ ಮತ್ತೆ ಕದಡಿದ.

ಹೊರಡುವ ಮುಂಚೆ, ಬೈಸಿಕೊಂಡ ಕಥೆ ಹೇಳಿದಳು.
ಯಾವುದೋ ಮಗು ಕೊಳಕ್ಕೆ ನಾಣ್ಯ ಎಸೆಯಿತು.
ತಳದ ಜಾಲರಿಗೆ ಸಿಕ್ಕೀತೆಂದು ಹಾರಿದಳು.
ಎರಡೂ ಕೈಗೆ ಏಣಿ ಬೇಕಿತ್ತಲ್ಲ,
ನಾಣ್ಯ ಕೆನ್ನೆಯೊಳಗಿಟ್ಟು ಮೇಲೆ ಬಂದಳು.
ಮೇಲ್ವಿಚಾರಕ ಕೂಗಾಡಿದ: ಕೊಳಕು, ನಿಯಮಕ್ಕೆ ವಿರುದ್ಧ.

"ನನಗೆ ಯಾರು ಕಲಿಸಿದರು, ಅಜ್ಜ?"

ನಾನು ಹೇಳಿರಲೇ ಇಲ್ಲ ಅವಳಿಗೆ.
ನಾಚಿಕೆಯೆಂದು ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ.

"ರುಚಿ ಹೇಗಿತ್ತು?" ಎಂದೆ.
"ಕ್ಲೋರಿನ್," ಎಂದಳು.
"ನಮ್ಮದು ಉಪ್ಪು."

ಸಂಜೆ ಹಡಗು ಹಾಡು ಹಚ್ಚಿಕೊಂಡು ಹೊರಟಿತು.
ಹದಿನಾರನೇ ಅಂತಸ್ತಿನಲ್ಲಿ ಹಳದಿ ಚುಕ್ಕೆಯೊಂದು
ಕೈಬೀಸಿದ ಹಾಗೆ. ಜಾರುಬಂಡೆಯ ದೀಪವೂ ಇದ್ದೀತು.
ಹೊತ್ತು ಕಂತುವ ಹೊತ್ತಿಗೆ ಬಾಲ್ಕನಿಗೆ ಬೆಳಕು ಬಂತು.
ಬಟ್ಟೆ ಮುಟ್ಟಿ ನೋಡಿದೆ. ಇನ್ನೂ ಹಸಿ.