ಮೂವತ್ತೆರಡು ಅಂಕಣ

ನವನಗರದ ಕಚೇರಿ, ಎರಡನೇ ಮಹಡಿ,
ಫ್ಯಾನಿನ ಒಂದು ರೆಕ್ಕೆ ಸೊಟ್ಟ.
ನೀರಿಗೆ ಹೋದ ಹಳೇ ಬಾಗಲಕೋಟೆ
ಇಲ್ಲಿ ಹನ್ನೊಂದು ಸಾವಿರ ಹಾಳೆ:
ಯಾರ ಮನೆ ಎಷ್ಟು ಅಂಕಣ,
ಮಾಳಿಗೆ ಮಣ್ಣಿನದೋ ಹಂಚಿನದೋ,
ಹಿತ್ತಲಲ್ಲಿ ಬಾವಿ ಇತ್ತೋ.

ಹಾಳೆಗೊಂದು ತಾಳೆಸಂಖ್ಯೆ.
ಚುಕ್ಕೆಯೊಂದು ಅಲುಗಿದರೂ
ಸಂಖ್ಯೆ ಬೇರೆಯೇ ಮುಖ ತೋರಿಸಬೇಕು, ಅದು ಕರಾರು.
ಇಮಾಮಸಾಬ ನದಾಫ ಹಳೇ ಯಂತ್ರದಲ್ಲಿ ತೆಗೆದಿಟ್ಟಿದ್ದ,
ನಾನು ಹೊಸದರಲ್ಲಿ ತೆಗೆದೆ.
ಅರ್ಧಕ್ಕರ್ಧ ಕೂಡಲಿಲ್ಲ.

ಅವನದು ಮೈನಸ್ ನೂರಾ ಮೂವತ್ತೇಳು ಕೋಟಿ ಚಿಲ್ಲರೆ.
ಅದೇ ಹಾಳೆಗೆ ನನ್ನದು
ಇನ್ನೂರಾ ತೊಂಬತ್ತೊಂದು ಕೋಟಿ ಚಿಲ್ಲರೆ.

"ಅರ್ಧ ಊರು ಸುಳ್ಳು," ಅಂದರು ಸಾಹೇಬರು,
ಚಹಾದ ಕಪ್ಪಿಗೆ ಬಸಿ ಮುಚ್ಚಿ.
"ಯಾರೋ ಕೈ ಆಡಿಸ್ಯಾರ."
ನದಾಫ ಕನ್ನಡಕ ಒರೆಸಿದ.
ನಿವೃತ್ತಿಗೆ ನಾಲ್ಕು ತಿಂಗಳು. ಏನೂ ಅನಲಿಲ್ಲ.

ರಾತ್ರಿ ಎರಡೂ ಸಂಖ್ಯೆ ಬಿಚ್ಚಿ
ಒಂದು-ಸೊನ್ನೆಗಳ ಸಾಲು ಮಾಡಿ
ಮೇಲೊಂದು ಕೆಳಗೊಂದು ಇಟ್ಟೆ.
ಒಂದೇ ಮನೆ!
ಮೂವತ್ತೆರಡು ಅಂಕಣ, ಕಂಬಕ್ಕೆ ಕಂಬ ಸರಿ,
ತಲೆಬಾಗಿಲ ಅಂಕಣದಲ್ಲಿ ದೀಪ ಹತ್ತಿದೆ.
ಹಳೇ ಲೈಬ್ರರಿ ಆ ದೀಪ ಕಂಡು
ಮುಳುಗಿದ ಮನೆ ಅಂತ ಮುಂದೊಂದು ಗೆರೆ ಎಳೆಯುತ್ತದೆ;
ಹೊಸದು ಅದನ್ನೇ
ಎಲ್ಲಕ್ಕೂ ದೊಡ್ಡ ಅಂಕಣವೆಂದು ಎಣಿಸುತ್ತದೆ.
ದೀಪವಿಲ್ಲದ ಮನೆಗಳಲ್ಲಿ ಜಗಳವೇ ಇಲ್ಲ.
ಹತ್ತಿದ ದೀಪಕ್ಕೆ ಎರಡರ ಪರಿವೆಯೂ ಇಲ್ಲ.

ಹಿನ್ನೀರಿನ ದಂಡೆಗೆ ನಿಂತವರೂ ಹೀಗೇ:
ಬೇಸಿಗೆಗೆ ಗೋಡೆಯ ತುದಿ ಕಂಡರೆ
ಒಬ್ಬ ಅಂತಾನ, ಮುಳುಗೇತಿ.
ಇನ್ನೊಬ್ಬ ಅಂತಾನ, ಎದ್ದೇತಿ.
ಗ್ವಾಡಿ ನಿಂತಲ್ಲೇ ನಿಂತೈತಿ.

ಮೂವತ್ತೆರಡು ಒಂದುಗಳ ಜರಡಿ ಹಿಡಿದೆ,
ಒಂದೇ ಒಂದು ಸಾಲು.
ಮೈನಸ್ಸುಗಳೆಲ್ಲ ಹೊಟ್ಟಿನಂತೆ ಹಾರಿದವು.
ಐದು ಸಾವಿರದ ನಾನೂರು ಮನೆ ಸೈ, ಸೈ, ಸೈ.
ಫೋನು ಮಾಡಿ ನದಾಫನನ್ನು ಎಬ್ಬಿಸಿದೆ.
"ನನಗ ಗೊತ್ತಿತ್ತವ್ವಾ," ಅಂದ,
"ಬಾಯಿಲೆ ಹೇಳಿದ್ರ ಯಾರು ಕೇಳ್ತಾರ."

ಒಂದು ಮಾತ್ರ ಉಳಿಯಿತು.
ಜರಡಿಯ ಮೇಲೆ, ಕಲ್ಲಿನಂತೆ.
ಕಿಲ್ಲಾ ಓಣಿ, ಗೌರಾಬಾಯಿ ಸಿಂಪಿ.
ಬೆಳಕಾಗುವ ಮೊದಲೇ ಬಟ್ಟೆಗಂಟು ಬಿಚ್ಚಿದೆ:
ಕಾಗದದಲ್ಲಿ ಅಂಕಣ ಒಂಬತ್ತು,
ಹಿತ್ತಲಿಗೆ ಬೇವಿನ ಮರ ಒಂದು, ಸುತ್ತಳತೆ ಸಮೇತ.
ಹೊಸ ಪ್ರತಿಯಲ್ಲಿ ಅಂಕಣ ಒಂಬತ್ತು,
ಮರದ ಜಾಗ ಬಿಳುಪು,
ಈಗ ತಾನೇ ಸುಣ್ಣ ಹೊಡೆದಷ್ಟು ನುಣುಪು.

ಇಷ್ಟು ಸಾವಿರ ಸುಳ್ಳುಕೂಗಿನ ನಡುವೆ
ಈ ಒಂದು ಕೂಗು ಎಷ್ಟು ದಿನದಿಂದ ಕೂಗುತ್ತಿತ್ತೋ.

ಹನ್ನೊಂದಕ್ಕೆ ಸಾಹೇಬರ ಮೇಜಿಗೆ ಎರಡೂ ಹಾಳೆ ಇಟ್ಟೆ.
"ಎಲ್ಲಾ ಸರಿ ಆತೇನು?"
"ಊರೆಲ್ಲಾ ಸರಿ ಐತ್ರೀ. ಮರ ಒಂದು ಹೋಗೇತಿ."

ಅವರು ಬಗ್ಗಿ ನೋಡಿದರು, ಬಹಳ ಹೊತ್ತು.
ಕಪ್ಪಿನ ಮೇಲಿನ ಬಸಿ ತೆಗೆಯಲಿಲ್ಲ.